ಕುಬ್ರಾಕ್ಕ ಅಳೆದ ಬೆನ್ನು

“ಒಂದು ಚೀಲಕ್ಕೆ ಮೂರು ಸಾವಿರದ ಇನ್ನೂರಾ?”

ಕುಬ್ರಾಕ್ಕನ ಅಂಗಡಿಯಲ್ಲಿ ಕೂತು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ನೆನಪಿಲ್ಲ. ಕೇಳಿದಾಗಲೆಲ್ಲ ಮೈ ಉರಿದಿದೆ. ಹೀಗೆ ಹೇಳುವವರು ಬಡವರಲ್ಲ. ಬಡವರು ಬೆಲೆ ಕೇಳುತ್ತಾರೆ, ಚೀಲವನ್ನು ಒಂದು ಸಲ ಸವರಿ ನೋಡಿ ಕೆಳಗಿಟ್ಟು ಹೋಗುತ್ತಾರೆ. ಹುಬ್ಬು ಹಾರಿಸುವವರು ಗಲ್ಲಿಯ ಬಾಯಿಗೆ ಅಡ್ಡಲಾಗಿ ಕಾರು ನಿಲ್ಲಿಸಿ ಬಂದವರು. ಕಳೆದ ವರ್ಷ ಒಬ್ಬ ಯಜಮಾನರು ಬಂದಿದ್ದರು. ಮಗ ಹಿಮಾಲಯಕ್ಕೆ ಚಾರಣ ಹೊರಟಿದ್ದನಂತೆ. ಅರ್ಧ ಗಂಟೆ ಒಂದೊಂದು ಜಿಪ್ಪನ್ನೂ ಎಳೆದೆಳೆದು ನೋಡಿ, ಕೊನೆಗೆ ಹೆಂಡತಿಯ ಕಡೆ ತಿರುಗಿ, “ಬಾರೇ, ಆನು ಆನ್‌ಲೈನಲ್ಲಿ ತರಿಸ್ತೆ. ಒಂಬೈನೂರಕ್ಕೇ ಸಿಗ್ತು. ಇಲ್ಲಿ ಎಂತಕ್ಕೆ ದುಡ್ಡು ಸುರಿಯದು?” ಎಂದರು.

“ತರಿಸಿ ಹೆಗಡೇರೇ,” ಎಂದಳು ಕುಬ್ರಾಕ್ಕ, ಮಷಿನ್ನಿನಿಂದ ತಲೆ ಎತ್ತದೆ. “ಪಟ್ಟಿ ಕಿತ್ತು ಬಂದ್ಮೇಲೆ ಇಲ್ಲಿಗೇ ತನ್ನಿ. ಹೊಲಿಗೆಗೆ ಮೂವತ್ತು ರೂಪಾಯಿ.”

ಎರಡೇ ತಿಂಗಳಿಗೆ ತಂದರು. ಮೂವತ್ತಕ್ಕೂ ಚೌಕಾಶಿ ಮಾಡಿದರು! ಇಂಥವರಿಗೆ ಎಂತ ಹೇಳುವುದು ಮಾರಾಯರೇ?

ನಾನು ಪ್ರಮೋದ, ಸಿದ್ದಾಪುರ ತಾಲೂಕಿನ ಮನ್ಮನೆಯವನು. ನಾಲ್ಕು ವರ್ಷ ಯಲ್ಲಾಪುರದ ಹತ್ತಿರ, ಕಾಡಿನ ಅಂಚಿನ ಒಂದು ಕ್ಯಾಂಪಿನಲ್ಲಿ ಗೈಡಾಗಿದ್ದೆ. ಪೇಟೆಯಿಂದ ಬಂದವರಿಗೆ ಗುಡ್ಡ, ಜಲಪಾತ ತೋರಿಸುವ ಕೆಲಸ. ಕ್ಯಾಂಪಿನ ಡೇರೆ, ಚೀಲ ಹರಿದರೆ ಶಿರಸಿಗೆ ತಂದು ರಿಪೇರಿ ಮಾಡಿಸುವುದೂ ನನ್ನ ತಲೆಗೇ ಇತ್ತು. ಹಾಗೆ ಕುಬ್ರಾಕ್ಕನ ಪರಿಚಯ. ಅವಳ ಕಥೆ ಹೇಳಬೇಕೆಂದು ಕೂತಿದ್ದೇನೆ. ಹೇಳುತ್ತ ಹೋದರೆ ಮಂಜಿಯ ಬೆನ್ನಿನ ಕಥೆಯೂ ಬರುತ್ತದೆ, ನನ್ನ ಮರ್ಯಾದೆಯೂ ಹೋಗುತ್ತದೆ. ಹೋಗಲಿ.

ಕುಬ್ರಾಕ್ಕನಿಗೆ ಈಗ ಐವತ್ತೆರಡು. ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವಳ ಅಂಗಡಿ. ಅವಳ ಅಜ್ಜ ಜಹಾಂಗೀರ್ ಸಾಹೇಬರು ಹೇರೆತ್ತುಗಳ ಬೆನ್ನಿಗೆ ಹಾಕುವ ಚೀಲ ಹೊಲಿಯುತ್ತಿದ್ದರು. ಲಾರಿಗಳು ಬರುವ ಮೊದಲು ಅಕ್ಕಿ, ಮೆಣಸು ಹೊತ್ತು ಘಟ್ಟ ಇಳಿದು, ಉಪ್ಪು ಹೊತ್ತು ಘಟ್ಟ ಹತ್ತುತ್ತಿದ್ದ ಎತ್ತುಗಳು ಅವು. ಅಜ್ಜನ ಹತ್ತಿರ ಸಿದ್ಧ ಚೀಲ ಇರುತ್ತಿರಲಿಲ್ಲವಂತೆ. ಎತ್ತೇ ಎದುರಿಗೆ ಬಂದು ನಿಲ್ಲಬೇಕು. ಕೆಂಪು ದಾರ ಹಿಡಿದು ಅದರ ಬೆನ್ನು ಅಳೆದು, ಗಂಟು ಹಾಕಿ, ಆ ದಾರವನ್ನೇ ಚೀಲದ ಅಸ್ತರಿನೊಳಗಿಟ್ಟು ಹೊಲಿದುಬಿಡುತ್ತಿದ್ದರು. ಒಂದು ಎತ್ತಿನ ಚೀಲ ಇನ್ನೊಂದರ ಬೆನ್ನಿಗೆ ಹೋದರೆ ಹುಣ್ಣಾಗುತ್ತದೆ. ಗೊಂದಲವಾದರೆ ಅಸ್ತರು ಬಿಚ್ಚಿ ದಾರ ನೋಡಿದರೆ ಯಾವ ಎತ್ತಿನದೆಂದು ತಿಳಿಯುತ್ತಿತ್ತು.

ಅಪ್ಪನ ಕಾಲಕ್ಕೆ ಎತ್ತು ಹೋಗಿ ಲಾರಿ ಬಂತು. ಅವರು ತಾಡಪಾಲು ಹೊಲಿದರು, ಬಸ್ಸಿನ ಸೀಟು ಹೊಲಿದರು. ಹನ್ನೆರಡನೇ ವರ್ಷಕ್ಕೇ ಕುಬ್ರಾಕ್ಕ ಆ ದೊಡ್ಡ ಮಷಿನ್ನಿನ ಮುಂದೆ ಕೂತವಳು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಬಾಗಿಲು ತೆರೆದು ತಾನೇ ಕೂತಳು. ಗಂಡ ಅಜರ್ ಲಾರಿ ಡ್ರೈವರು, ವಾರದಲ್ಲಿ ಐದು ದಿನ ರಸ್ತೆಯ ಮೇಲೆ. ಹೆಂಗಸು ಅಂಗಡಿಯಲ್ಲಿ ಕೂರುವುದೇ ಎಂದು ಗಲ್ಲಿಯ ಗಂಡಸರು ಗೊಣಗಿದರಂತೆ. “ನಿಮ್ಮ ಲಾರಿ ತಾಡಪಾಲು ಹರಿದದೆ. ಹೊಲಿಲಾ, ಬ್ಯಾಡ್ವಾ?” ಎಂದು ಕೇಳಿದಳು. ಅಲ್ಲಿಗೆ ಗೊಣಗಾಟ ನಿಂತಿತು.

ಬೆನ್ನುಚೀಲ ಶುರುವಾದದ್ದು ಹನ್ನೊಂದು ವರ್ಷದ ಹಿಂದೆ. ಚಾರಣಕ್ಕೆ ಬಂದ ಯಾರೋ ಒಬ್ಬ ಹರಿದ ಚೀಲ ತಂದುಕೊಟ್ಟ. ಒಳಗೆ ಎಂತ ಇಟ್ಟಿದ್ದಾರೆ ನೋಡೋಣ ಎಂದು ಕುಬ್ರಾಕ್ಕ ಬೆನ್ನಿನ ಕಡೆಯ ಹೊಲಿಗೆ ಬಿಚ್ಚಿದಳು. ಸ್ಪಂಜು ಹುಡಿಹುಡಿಯಾಗಿ ಮಡಿಲಿಗೆ ಉದುರಿತು. “ತೋಬಾ ತೋಬಾ! ಇದನ್ನ ಎತ್ತಿಗೂ ಹೊರಿಸಬಾರದು,” ಎಂದುಕೊಂಡವಳು ಮರುದಿನವೇ ತಾಡಪಾಲಿನ ಒಳ್ಳೆ ಕ್ಯಾನ್ವಾಸು ಕತ್ತರಿಸಿ, ಗುಜರಿಗೆ ಬಂದ ಕಾರುಗಳ ಸೀಟ್ ಬೆಲ್ಟನ್ನೇ ಭುಜದ ಪಟ್ಟಿ ಮಾಡಿ, ತನ್ನದೇ ಒಂದು ಚೀಲ ಹೊಲಿದಳು. ಅಳತೆಗೆ ಅಜ್ಜನ ಕೆಂಪು ದಾರ. ಗಿರಾಕಿ ಬೆನ್ನು ತಿರುಗಿಸಿ ಕತ್ತು ಬಗ್ಗಿಸಬೇಕು. ಕತ್ತಿನ ಬುಡದ ಮೂಳೆಯಿಂದ ಸೊಂಟದ ಮೂಳೆಯವರೆಗೆ ದಾರ ಎಳೆಯುತ್ತಾಳೆ. ಆ ದಾರ ಅವರ ಚೀಲದೊಳಗೆ ಹೋಗುತ್ತದೆ. ಇವತ್ತಿಗೂ ಹಾಗೇ.

ಹೊಲಿದು ಮುಗಿದ ಮೇಲೆ ಇಪ್ಪತ್ತು ಕಿಲೋ ಮರಳು ತುಂಬಿ, ಅಂಗಡಿಯ ಅಡ್ಡದಿಮ್ಮಿಗೆ ಒಂದಿಡೀ ದಿನ ನೇತು ಹಾಕುತ್ತಾಳೆ. ಒಂದು ಹೊಲಿಗೆ ಜಗ್ಗಿದರೂ ಪೂರಾ ಬಿಚ್ಚಿ ಮತ್ತೆ ಮೊದಲಿನಿಂದ. ಬಟ್ಟೆ, ಪಟ್ಟಿ, ಒಳ್ಳೆ ಜಿಪ್ಪು ಸೇರಿದರೆ ಅಲ್ಲೇ ಸಾವಿರದ ಎಂಟುನೂರು. ಉಳಿದದ್ದರಲ್ಲಿ ಎರಡೂವರೆ ದಿನದ ದುಡಿಮೆ, ಬಾಡಿಗೆ, ಕರೆಂಟು. ತೋಟದ ಕೆಲಸಕ್ಕೆ ಒಂದು ದಿನದ ಕೂಲಿ ಎಷ್ಟೆಂದು ಆ ಕಾರಿನ ಯಜಮಾನರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಆದರೆ ಗಲ್ಲಿಯೊಳಗೆ ಕೂತ ಹೆಂಗಸಿನ ಕೈಗೂ ಕೂಲಿ ಇದೆ ಎಂದು ಒಪ್ಪಿಕೊಳ್ಳಲು ಮನಸ್ಸಿಲ್ಲ. ಅದೇ ಚೀಲಕ್ಕೆ ಯಾವುದಾದರೂ ಕಂಪನಿಯ ಹೆಸರು ಅಂಟಿಸಿ ಗಾಜಿನ ಅಂಗಡಿಯಲ್ಲಿಟ್ಟರೆ ತುಟಿ ಪಿಟಕ್ಕೆನ್ನದೆ ಕೊಟ್ಟು ಬರುತ್ತಾರೆ.

ಈಗ ಕ್ಯಾಂಪಿನ ವಿಷಯಕ್ಕೆ ಬರುತ್ತೇನೆ.

ಕ್ಯಾಂಪಿನ ಮಾಲೀಕ ಕಿಶೋರ. ಅವನ ಗಿರಾಕಿಗಳು ತಮ್ಮ ಬಟ್ಟೆಬರೆಯಷ್ಟೇ ಹೊತ್ತು ಕಾಡಿಗೆ ಹೋಗುತ್ತಾರೆ. ಡೇರೆ, ಪಾತ್ರೆ, ಗ್ಯಾಸು, ಅಕ್ಕಿ ಎಲ್ಲ ಹೊರುವುದು ಪಕ್ಕದ ಹಳ್ಳಿಯ ಹನ್ನೆರಡು ಜನ ಆಳುಗಳು. ಅದರಲ್ಲಿ ಮಂಜಿ ಒಬ್ಬಳೇ ಹೆಂಗಸು. ನಲವತ್ತೈದು ವರ್ಷ, ನನ್ನ ಭುಜಕ್ಕೂ ಬರುವುದಿಲ್ಲ, ಹೊರುವುದು ಮಾತ್ರ ಎಲ್ಲರಷ್ಟೇ. ಕಿಶೋರ ಕೊಟ್ಟ ನೈಲಾನು ಚೀಲ ಹರಿದವರು ಗೊಬ್ಬರದ ಚೀಲಕ್ಕೆ ಹಗ್ಗ ಕಟ್ಟಿ ಹೊರುತ್ತಿದ್ದರು. ಯಾರೋ ಗಿರಾಕಿ ಅದರ ಫೋಟೋ ತೆಗೆದು, ನೋಡಿ ಬೇಜಾರಾಯಿತು ಎಂದು ಬರೆದು ನೆಟ್ಟಿಗೆ ಹಾಕಿಬಿಟ್ಟ. ಕಿಶೋರನಿಗೆ ನಾಚಿಕೆಯಾಯಿತು. ಅವರ ಬೆನ್ನು ನೋಡಿ ಅಲ್ಲ, ಫೋಟೋ ನೋಡಿ. “ಪ್ರಮೋದ, ಹನ್ನೆರಡು ಚೀಲ ಮಾಡಿಸು. ನೋಡೂಕೆ ಚಂದ ಇರ್ಲಿ. ಕಡಿಮೆಗೆ ಮುಗ್ಸು,” ಎಂದ.

ಚೌಕಾಶಿ ಕೇಳಿ ಮೈ ಉರಿಯುತ್ತದೆ ಎಂದೆನಲ್ಲ? ಅದೇ ನಾನು ಕುಬ್ರಾಕ್ಕನ ಎದುರು ಕೂತು ಹಲ್ಲು ಕಿರಿದೆ. “ಅಕ್ಕಾ, ಹನ್ನೆರಡು ಒಟ್ಟಿಗೆ ಅಲ್ವಾ, ಸ್ವಲ್ಪ ನೋಡಿ. ಹೊರೆ ಹೊರೋರಿಗೆ ಅಷ್ಟೇ.”

ಅವಳು ಮಷಿನ್ ನಿಲ್ಲಿಸಿದಳು. “ಹೊರೋರಿಗಾ? ಹಂಗಾದ್ರೆ ಎರಡು ಸಾವಿರದ ಆರುನೂರು. ನೆನಪಿಟ್ಕೋ ತಮ್ಮಾ, ಇದು ಅವರಿಗೆ ಬಿಟ್ಟಿದ್ದು. ನಿನ್ನ ಮಾಲೀಕನಿಗಲ್ಲ.” ಆಮೇಲೆ ಕೆಂಪು ದಾರದ ಉಂಡೆ ನನ್ನ ಕೈಗೆ ಕೊಟ್ಟಳು. “ಹನ್ನೆರಡು ಬೆನ್ನೂ ಅಳೆದು ತಾ.”

ನಾನು ಮಾಡಿದ್ದು ಕೇಳಿ. ಶನಿವಾರ, ಎರಡು ತಂಡ ಬಂದಿತ್ತು, ಆಳುಗಳೆಲ್ಲ ಬೆಳಿಗ್ಗೆಯೇ ಕಾಡಿಗೆ ಹೋಗಿದ್ದರು. ಅವರು ಬರುವವರೆಗೆ ಯಾರು ಕಾಯುತ್ತಾರೆ? ಅಡುಗೆಯವನ ಕೈಯಲ್ಲಿ ನನ್ನ ಬೆನ್ನನ್ನೇ ಅಳೆಸಿಕೊಂಡು, ಅದೇ ಅಳತೆಗೆ ಹನ್ನೆರಡು ದಾರ ಕತ್ತರಿಸಿ, ಜೇಬಿಗೆ ಹಾಕಿಕೊಂಡು ಶಿರಸಿಗೆ ಹೋದೆ.

ಕುಬ್ರಾಕ್ಕ ದಾರಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಹಾಸಿದಳು. ಹನ್ನೆರಡೂ ಸಮ. ನನ್ನ ಮುಖ ನೋಡಿದಳು.

“ಇದೆಂತದು?”

“ಅಳತೆ ಅಕ್ಕಾ.”

“ನಿನ್ನ ತಲೆ! ಹನ್ನೆರಡು ಜನಾನೂ ಒಂದೇ ಅಚ್ಚಲ್ಲಿ ಎರಕ ಹೊಯ್ದಿದ್ದಾರಾ? ಮಂಜಿ ನಿನ್ನ ಭುಜಕ್ಕೂ ಬರೂದಿಲ್ಲ ಅಂತ ನೀನೇ ಹೇಳಿದ್ಯಲ್ಲಾ, ಅವಳ ಬೆನ್ನು ನಿನ್ನಷ್ಟೇ ಉದ್ದವಾ ಮಳ್ಳಾ? ನನ್ನ ಅಜ್ಜ ಎತ್ತುಗಳಿಗೂ ಹಿಂಗೆ ಮಾಡ್ಲಿಲ್ಲ!” ಎಂದವಳೇ ದಾರಗಳನ್ನೆಲ್ಲ ಬಾಚಿ ನನ್ನ ಮುಖಕ್ಕೆ ಎಸೆದಳು. ಒಂದು ಎಳೆ ಕನ್ನಡಕಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಅವಳು ತಾನೇ ಬರುವುದೆಂದು ನಿಶ್ಚಯಿಸಿ, “ನಾಳೆ ಫಸ್ಟ್ ಬಸ್ಸಿಗೆ ಬರ್ತೇನೆ. ಒಬ್ಬರೂ ಕಾಡಿಗೆ ಹೋಗದ ಹಂಗೆ ನೋಡ್ಕೋ,” ಎಂದಳು.

ಬಂದಳು. ಕ್ಯಾಂಪಿನ ಅಡುಗೆಮನೆಯ ಮುಂದೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಅಳೆದಳು. ಮಂಜಿಯ ಸರದಿ ಬಂದಾಗ ಮಂಜಿ ಹಿಂದೆ ಸರಿದಳು.

“ನಂದು ಬ್ಯಾಡ ಬಿಡಿ ಅಕ್ಕಾ. ಇವ್ರದ್ದೇ ಯಾವ್ದಾರೂ ಆಗ್ತದೆ.”

“ಇವರದ್ದು ನಿಂಗೆ ಹೆಂಗಾಗ್ತದೆ? ಬಾ ಇಲ್ಲಿ,” ಎಂದು ಕುಬ್ರಾಕ್ಕ ಅವಳ ಕೈ ಹಿಡಿದು ಅಡುಗೆಮನೆಯೊಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಒಳಗಿಂದ “ಯಾ ಅಲ್ಲಾ!” ಎಂಬ ಕೂಗು. ಬಾಗಿಲು ತೆರೆದು ಹೊರಬಂದ ಕುಬ್ರಾಕ್ಕನ ಮುಖ ಕೆಂಪಾಗಿತ್ತು. ಗಿರಾಕಿಗಳು ಅಲ್ಲೇ ಕೂತು ಅವಲಕ್ಕಿ ತಿನ್ನುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇಲ್ಲ.

“ಹೋಯ್ ಮಾಲೀಕ್ರೇ! ಬನ್ನಿ ಇಲ್ಲಿ! ಇವಳ ಸೊಂಟದ ಮೇಲೆ ಅಂಗೈ ಅಗಲ ಹುಣ್ಣಾಗದೆ, ರವಕೆ ಅಂಟಿ ಕೂತದೆ, ನೋಡೀರಾ? ಬೆನ್ನು ಹುಣ್ಣಾದ ಎತ್ತು ಬಂದ್ರೆ ನನ್ನ ಅಜ್ಜ ಚೀಲ ಹೊಲಿತಿರ್ಲಿಲ್ಲ. ಮೊದ್ಲು ಇದಕ್ಕೆ ಔಷಧ ಮಾಡು ಅಂತ ಎತ್ತಿನವನಿಗೆ ಉಗಿದು ಕಳಿಸ್ತಿದ್ರು. ನೀವು ಇವಳ ಬೆನ್ನಿಗೆ ದಿನಾ ಗ್ಯಾಸು ಹೊರಿಸ್ತೀರಲ್ರೀ!”

ಅವಲಕ್ಕಿ ತಿನ್ನುತ್ತಿದ್ದವರೆಲ್ಲ ಈ ಕಡೆ ತಿರುಗಿದರು. ಕಿಶೋರ ಅವಳನ್ನು ಪಕ್ಕಕ್ಕೆ ಕರೆದು, ದನಿ ಇಳಿಸಿ, “ಗಿರಾಕಿಗಳ ಮುಂದೆ ಎಂತಕ್ಕೆ ಇದೆಲ್ಲ? ಅವರಿಗೆ ಅಭ್ಯಾಸ ಇರ್ತದೆ,” ಎಂದ.

ಅಭ್ಯಾಸ ಇರ್ತದೆ! ಈ ಮಾತನ್ನು ನಾನು ನಿಂತು ಕೇಳಿದೆ. ಇವತ್ತಿಗೂ ನೆನಪಾದರೆ ಹಲ್ಲು ಕಚ್ಚುತ್ತೇನೆ. ಹುಣ್ಣಿನ ಅಭ್ಯಾಸ ಯಾರಿಗಿರುತ್ತದೆ? ಅವತ್ತು ಮಾತ್ರ ನಾನು ಎಂತದೂ ಹೇಳಲಿಲ್ಲ. ಹೇಳಿದವಳು ಕುಬ್ರಾಕ್ಕ. “ಅಭ್ಯಾಸ ಇದ್ರೆ ನೀವೂ ಮಾಡ್ಕೊಳ್ಳಿ. ಒಂದು ವಾರ ನೀವು ಹೊರ್ರಿ,” ಎಂದು, ದಾರದ ಉಂಡೆ ಸೆರಗಿಗೆ ಕಟ್ಟಿಕೊಂಡು ಬಸ್ಸಿಗೆ ನಡೆದಳು.

ಸಂಜೆಯೇ ಕಿಶೋರ ಆರ್ಡರು ರದ್ದು ಮಾಡಿದ. ಆನ್‌ಲೈನಿನಿಂದ ಒಂಬೈನೂರರ ಹನ್ನೆರಡು ಚೀಲ ಬಂತು, ಎಲ್ಲ ಒಂದೇ ಬಣ್ಣ, ಫೋಟೋಕ್ಕೆ ಚಂದ. ಕುಬ್ರಾಕ್ಕ ಅಷ್ಟರಲ್ಲಿ ಹನ್ನೆರಡು ಚೀಲದ ಕ್ಯಾನ್ವಾಸು ತರಿಸಿಯಾಗಿತ್ತು. ಅದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಹತ್ತು ದಿನದ ಮೇಲೆ ಫೋನ್ ಮಾಡಿ, “ಮಂಜಿದು ಆಯ್ತು. ತಗೊಂಡು ಹೋಗು,” ಎಂದಳು.

ಆ ಚೀಲದ ಅಸ್ತರಿನಲ್ಲಿ ಒಂದಲ್ಲ, ಎರಡು ದಾರ ಇದ್ದವು. ಚಿಕ್ಕಂದಿನಿಂದ ಒಂದೇ ಕಡೆ ಹೊರೆ ಹೊತ್ತು ಮಂಜಿಯ ಎಡಭುಜ ಬಲಕ್ಕಿಂತ ಎರಡು ಬೆರಳು ಕೆಳಗಿದೆಯಂತೆ. ನಾಲ್ಕು ವರ್ಷ ಅವಳ ಹಿಂದೆ ನಡೆದ ನನಗೆ ಅದು ಕಂಡಿರಲಿಲ್ಲ. ಕುಬ್ರಾಕ್ಕನಿಗೆ ಎರಡು ನಿಮಿಷದಲ್ಲಿ ಕಂಡಿತ್ತು. ಅದಕ್ಕೇ ಎಡಕ್ಕೊಂದು, ಬಲಕ್ಕೊಂದು ಅಳತೆ, ಒಂದು ಪಟ್ಟಿ ಉದ್ದ, ಒಂದು ಗಿಡ್ಡ. ಸೊಂಟದ ಹತ್ತಿರ ಹುಣ್ಣಿಗೆ ತಾಗದ ಹಾಗೆ ಮೆತ್ತೆಯಲ್ಲಿ ಒಂದು ತಗ್ಗು. ಪುಕ್ಕಟೆ ತೆಗೆದುಕೊಳ್ಳಲು ಮಂಜಿ ಒಪ್ಪಲಿಲ್ಲ. ಸಾರಿಗೆ ಹುಳಿಯಾಗಿ ಹಾಕುವ ಒಣಗಿದ ಮುರುಗಲು ಸಿಪ್ಪೆ ಒಂದು ಬುಟ್ಟಿ ತುಂಬ ನನ್ನ ಕೈಯಲ್ಲಿ ಕಳಿಸಿದಳು. ಕುಬ್ರಾಕ್ಕ ಮೂಸಿ ನೋಡಿ, “ಒಳ್ಳೇದದೆ,” ಎಂದು ಒಳಗಿಟ್ಟಳು.

ಎರಡು ತಿಂಗಳಲ್ಲಿ ಮಂಜಿಯ ಹುಣ್ಣು ಒಣಗಿತು. ಏರು ಹತ್ತುವಾಗ ಸೊಂಟಕ್ಕೆ ಕೈ ಕೊಡುತ್ತಿದ್ದವಳು ಈಗ ಎಲ್ಲರಿಗಿಂತ ಮುಂದೆ ಹೋಗಿ ನಿಂತು, “ಎಂತ ಪ್ರಮೋದಣ್ಣ, ಕಾಲು ಬರೂದಿಲ್ವಾ?” ಎಂದು ತಮಾಷೆ ಮಾಡುತ್ತಿದ್ದಳು. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನವೆಂಬರಿನಲ್ಲಿ ಪೇಟೆಯಿಂದ ಒಂದು ತಂಡ ಬಂತು. ಅದರಲ್ಲಿದ್ದ ಒಬ್ಬ ಮೇಡಮ್ಮಿಗೆ ಮಂಜಿಯ ಚೀಲ ಕಣ್ಣಿಗೆ ಬಿತ್ತು. ಇಲ್ಲಿಯದೇ ಕೈಹೊಲಿಗೆ, ಎಷ್ಟು ಚಂದ, ನನಗೆ ಇಂಥದೇ ಬೇಕು ಎಂದಳು. ಕಿಶೋರ ಹಿಂದೆ ಮುಂದೆ ನೋಡದೆ, “ಇದನ್ನೇ ತಗೊಳ್ಳಿ ಮೇಡಂ, ಐದು ಸಾವಿರ,” ಎಂದ. ಮೇಡಂ ಫೋನ್ ತೆಗೆದು ಕೊಟ್ಟೇಬಿಟ್ಟಳು. ಚೌಕಾಶಿ ಇಲ್ಲ! ಐದು ಸಾವಿರ ಕಿಶೋರನ ಖಾತೆಗೆ ಹೋಯಿತು. ಮೇಡಮ್ಮಿನ ಹಳೇ ಕಂಪನಿ ಚೀಲ ಮಂಜಿಗೆ ಬಂತು. “ಹನ್ನೆರಡು ಸಾವಿರದ್ದು ಮಾರಾಯ್ತಿ ಇದು! ನಿನ್ನ ಪುಣ್ಯ,” ಎಂದ ಕಿಶೋರ.

“ಅದು ನಂದು,” ಎಂದಳು ಮಂಜಿ.

“ಇದೂ ನಿಂದೇ ಈಗ. ಇನ್ನೂ ಒಳ್ಳೇದು. ಹೋಗು ಹೋಗು, ಸಾಮಾನು ತುಂಬು.”

ಮಂಜಿ ನನ್ನ ಮುಖ ನೋಡಿದಳು. ನಾನು ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡೆ. ಲೇಸು ಬಿಚ್ಚಿರಲಿಲ್ಲ.

ಮರುದಿನವೇ ಮೇಡಮ್ಮಿನ ದೂರು. ಚೀಲ ಒಂದು ಕಡೆ ವಾಲುತ್ತದೆ, ಒಂದು ಪಟ್ಟಿ ಗಿಡ್ಡ, ಲೋಕಲ್ ಮಾಲಿನಲ್ಲಿ ಇದೇ ತೊಂದರೆ, ಫಿನಿಶಿಂಗ್ ಇರುವುದಿಲ್ಲ. ಕಿಶೋರ ಚೀಲವನ್ನು ಒಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. “ಆ ಬೀಬಿ ಹತ್ರ ಹೋಗಿ ಎರಡೂ ಪಟ್ಟಿ ಸಮ ಮಾಡಿಸ್ಕೊಂಡು ಬಾ. ಯಾರಿಗೆ ಅಂತ ಹೇಳ್ಬೇಡ.”

ನಾನು ಹೋದೆ. ಹೌದು, ಹೋದೆ. ಸಂಬಳ ಕೊಡುವವನು ಹೇಳಿದ, ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಆ ಪ್ಲಾಸ್ಟಿಕ್ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಕುಬ್ರಾಕ್ಕನಿಗೆ ಎಂತ ಸುಳ್ಳು ಹೇಳುವುದೆಂದು ಯೋಚಿಸಿದೆ.

ಸುಳ್ಳು ಹೇಳಲು ಪುರುಸೊತ್ತೇ ಸಿಗಲಿಲ್ಲ. ಅವಳು ಪ್ಲಾಸ್ಟಿಕ್ಕು ಬಿಚ್ಚಿದಳು, ಅಸ್ತರಿನ ಮೇಲೆ ಹೆಬ್ಬೆರಳು ಓಡಿಸಿದಳು. ಎರಡು ದಾರ ಕೈಗೆ ಸಿಕ್ಕವು. ತಟ್ಟನೆ ನನ್ನ ತೋಳು ಹಿಡಿದಳು.

“ಮಂಜಿಗೆ ಎಂತ ಆಯ್ತು?”

ಮಂಜಿ ಜೀವದಿಂದಿದ್ದರೆ ಈ ಚೀಲ ಅವಳ ಬೆನ್ನು ಬಿಟ್ಟು ಬರುವುದಿಲ್ಲ ಎಂದೇ ಅವಳು ತಿಳಿದಿದ್ದಳು. ಆದದ್ದನ್ನೆಲ್ಲ ಹೇಳಿಬಿಟ್ಟೆ, ಐದು ಸಾವಿರವನ್ನೂ ಹೇಳಿದೆ, ಲೇಸನ್ನೂ ಹೇಳಿದೆ. ಅವಳು ತೋಳು ಬಿಟ್ಟಳು.

“ನೀನು ನೋಡ್ತಾ ನಿಂತಿದ್ಯಾ?”

“ಅಕ್ಕಾ, ನಾನು ಎಂತ ಮಾಡ್ಲಿ, ಮಾಲೀಕ...”

“ಮುಚ್ಚು ಬಾಯಿ. ಅವನಿಗೆ ಗೊತ್ತಿಲ್ಲ, ಅವನು ಕುರುಡ. ಆ ಮೇಡಮ್ಮಿಗೂ ಗೊತ್ತಿಲ್ಲ. ನಿಂಗೆ ಗೊತ್ತಿತ್ತು. ನೀನೇ ಈ ಚೀಲ ಹೊತ್ತು ಅವಳಿಗೆ ಕೊಟ್ಟವನು. ತಿರುಗು ಆ ಕಡೆ!”

ತಿರುಗಿದೆ. ಅಡ್ಡದಿಮ್ಮಿಗೆ ಹಾಕುವ ಇಪ್ಪತ್ತು ಕಿಲೋ ಮರಳಿನ ಗಂಟನ್ನು ಚೀಲದೊಳಗೆ ತುರುಕಿ, ನನ್ನ ಬೆನ್ನಿಗೇರಿಸಿ, ಪಟ್ಟಿ ಬಿಗಿದಳು. ಒಂದು ಕಡೆ ಭುಜಕ್ಕೆ ಪಟ್ಟಿ ಕಚ್ಚಿ ಹಿಡಿಯಿತು. ಮೆತ್ತೆಯ ತಗ್ಗಿನ ಅಂಚು ಪಕ್ಕೆಗೆ ಒತ್ತಿತು.

“ಗೊತ್ತಾಯ್ತಾ ಇದು ನಿಂದಲ್ಲ ಅಂತ? ಯಾರದೋ ಅವರಿಗೆ ಕೊಟ್ಟು ಬಾ. ಮರಳನ್ನ ಅಲ್ಲಿ ಹೋದ ಮೇಲೇ ಸುರಿ. ನಡುವೆ ಇಳಿಸಿದ್ರೆ ಈ ಅಂಗಡಿ ಮೆಟ್ಟಿಲು ಹತ್ತಬೇಡ.”

ಶಿರಸಿಯಿಂದ ಯಲ್ಲಾಪುರಕ್ಕೆ ಬಸ್ಸಿನಲ್ಲಿ ನಿಂತೇ ಬಂದೆ. ಕಂಡಕ್ಟರು ಕೆಳಗಿಡಿ ಎಂದ, ಇಡಲಿಲ್ಲ. ಯಲ್ಲಾಪುರದಿಂದ ಇನ್ನೊಂದು ಬಸ್ಸು, ಅಲ್ಲಿಂದ ಮಂಜಿಯ ಮನೆಗೆ ಎರಡು ಮೈಲಿ ಏರು. ಅರ್ಧ ದಾರಿಗೇ ಪಕ್ಕೆಯ ಚರ್ಮ ಸುಲಿದು ಅಂಗಿ ಅಂಟತೊಡಗಿತು. ಕುಬ್ರಾಕ್ಕನಿಗೂ ಬೈದೆ, ಕಿಶೋರನಿಗೂ ಬೈದೆ. ಏರು ಮುಗಿಯುವ ಹೊತ್ತಿಗೆ ಬೈಯಲು ನಾನೊಬ್ಬನೇ ಉಳಿದಿದ್ದೆ.

ಮಂಜಿ ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದಳು. ಬಗ್ಗುವಾಗ ಮತ್ತೆ ಸೊಂಟಕ್ಕೆ ಕೈ ಕೊಡುತ್ತಿದ್ದಳು. ಹನ್ನೆರಡು ಸಾವಿರದ ಚೀಲ ಎರಡೇ ದಿನದಲ್ಲಿ ಒಣಗಿದ ಹುಣ್ಣನ್ನು ಕೆದಕಿ ತೆಗೆದಿತ್ತು. ಮರಳು ಸುರಿದು ಚೀಲ ಅವಳ ಮುಂದಿಟ್ಟೆ. ಅವಳು ಅದನ್ನು ತೆಗೆದುಕೊಂಡಳು, ಪಟ್ಟಿ ಮುಟ್ಟಿ ನೋಡಿದಳು. ಮುಖದಲ್ಲಿ ನಗು ಬರುತ್ತದೆಂದು ಕಾದೆ.

“ಈಗ ತಂದ್ರಿ,” ಎಂದಳು. “ಅವತ್ತು ಅದು ನಂದು ಅಂತ ನಾನೊಬ್ಳೇ ಹೇಳ್ದೆ.”

ಕಂಪನಿ ಚೀಲವನ್ನು ಒಳಗಿಂದ ತಂದು ನನ್ನ ಕಾಲಬುಡಕ್ಕೆ ಹಾಕಿ, ಮತ್ತೆ ಸೌದೆಯ ಕಡೆ ತಿರುಗಿದಳು. ನೀರು ಬೇಕಾ ಎಂದು ಕೇಳಲಿಲ್ಲ. ಈ ಕಡೆ ಮನೆಗೆ ಬಂದ ವೈರಿಗೂ ನೀರು ಕೇಳುತ್ತಾರೆ.

ಆ ಚೀಲವನ್ನು ಕಿಶೋರನ ಮೇಜಿನ ಮೇಲೆ ಒಗೆದು, ಅವತ್ತು ಹೇಳಬೇಕಾಗಿದ್ದನ್ನೆಲ್ಲ ಹೇಳಿದೆ. ನನ್ನ ಆ ತಿಂಗಳ ಸಂಬಳ ಮುರಿದುಕೊಂಡು ಮೇಡಮ್ಮಿಗೆ ದುಡ್ಡು ವಾಪಸು ಮಾಡಿದನಂತೆ. ಮಾಡಲಿ. ಕೆಲಸವೂ ಹೋಯಿತು. ಮಂಜಿಯೂ ಅಲ್ಲಿಗೆ ಹೋಗುವುದನ್ನು ಬಿಟ್ಟಳು ಎಂದು ಆಮೇಲೆ ಗೊತ್ತಾಯಿತು. ಈಗ ಬೇರೆ ತಂಡಗಳ ಹೊರೆ ಹೊರುತ್ತಾಳೆ, ಅದೇ ಚೀಲದಲ್ಲಿ.

ನಾನು ಸಿದ್ದಾಪುರದ ಕಡೆ ನನ್ನದೇ ಸಣ್ಣ ತಂಡ ಕಟ್ಟಿಕೊಂಡೆ. ನನ್ನ ಹೊರೆ ನಾನೇ ಹೊರಬೇಕು, ಚೀಲ ಬೇಕು. ಮೂರು ವಾರ ಹಿಂದೆ ಮುಂದೆ ನೋಡಿ ಕೊನೆಗೆ ಕುಬ್ರಾಕ್ಕನ ಮೆಟ್ಟಿಲು ಹತ್ತಿದೆ.

“ಅಕ್ಕಾ, ನಂಗೊಂದು ಚೀಲ.”

ಅವಳು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. “ತಿರುಗು,” ಎಂದಳು. ಕತ್ತು ಬಗ್ಗಿಸಿದೆ. ಮೂಳೆಯ ಮೇಲೆ ಹೆಬ್ಬೆರಳು ಊರಿ ಸೊಂಟದವರೆಗೆ ದಾರ ಎಳೆದಳು. ಪಕ್ಕೆಯಲ್ಲಿ ಇನ್ನೂ ಕಲೆ ಇತ್ತು, ಅಲ್ಲಿ ಅವಳ ಕೈ ಒಂದು ಕ್ಷಣ ನಿಂತಿತು.

“ಎಷ್ಟಾಗ್ತದೆ ಅಕ್ಕಾ?” ಗೊತ್ತಿದ್ದರೂ ಕೇಳಿದೆ. ಏನಾದರೂ ಮಾತಾಡಬೇಕಿತ್ತು.

“ಊರಿಗೆಲ್ಲ ಮೂರು ಸಾವಿರದ ಇನ್ನೂರು. ನಿಂಗೆ ಐದು ಸಾವಿರ.”

ನಾನು ತಿರುಗಿ ಬಾಯಿ ತೆರೆದೆ.

“ಮಂಜಿ ಚೀಲ ಐದು ಸಾವಿರಕ್ಕೆ ಹೋಗುವಾಗ ಬಾಯಿ ಮುಚ್ಕೊಂಡಿದ್ಯಲ್ಲ?” ಎಂದಳು ಕುಬ್ರಾಕ್ಕ. “ಇವತ್ತೂ ಮುಚ್ಕೋ.”

ಫೋನ್ ತೆಗೆದು ಐದು ಸಾವಿರ ಕಳಿಸಿದೆ. ಬಂತಾ ಎಂದು ನೋಡಿಕೊಂಡು ಅವಳು ದಾರಕ್ಕೆ ಗಂಟು ಹಾಕಿದಳು.